ಇಲ್ಲದ ಸದ್ದಿನ ಫೋಟೊ

ಅಥಣಿಯಲ್ಲಿ ಚಪ್ಪಲಿ ಮಾಡುವವನಿಗೆ ಕೈಯಷ್ಟೇ ಕಿವಿಯೂ ಬೇಕು. ಎರಡು ಅಟ್ಟೆಗಳ ನಡುವೆ ಬೀಜ ಇಟ್ಟು ಹೊಲಿದ ಜೋಡು ನಡೆದಾಗ ಕರ್‌ಕರ್ ಅನ್ನಬೇಕು. ಆ ಸದ್ದು ಕೇಳಿಯೇ ನಾನು ಜೋಡನ್ನು ಪಾಸು ಮಾಡುತ್ತಿದ್ದೆ. ಮೂರು ವರ್ಷದ ಹಿಂದೆ ನನ್ನ ಕಿವಿಯಲ್ಲಿ ಸುಂಯ್ ಎಂಬ ಸದ್ದು ಬಂದು ಕೂತಿತು, ಮತ್ತೆ ಏಳಲಿಲ್ಲ. ಕರ್‌ಕರ್ ಅದರ ಕೆಳಗೆ ಮುಚ್ಚಿಹೋಯಿತು.

ಎದುರಿಗೆ ಕೂತು ಪಟ್ಟಿ ಹೆಣೆಯುವ ಹೆಂಡತಿ ನಂಬಲಿಲ್ಲ.

"ನನಗೇನೂ ಕೇಳಸೂದಿಲ್ಲಲ್ರಿ. ಕೆಲಸ ತಪ್ಪಸ್ಕೊಳ್ಳಾಕ ನೆವಾ ಹುಡಕತೀರಿ" ಅಂದಳು.

ಕಿವಿಯ ಸದ್ದಿಗಿಂತ ಆ ಮಾತೇ ನನ್ನನ್ನು ಹೆಚ್ಚು ಕೆರಳಿಸಿತು. ತೋರಿಸಿಯೇ ತೀರುತ್ತೇನೆಂದು ಹಟ ಹಿಡಿದೆ.

ಮಿರಜದ ಆಸ್ಪತ್ರೆಯೊಂದರಲ್ಲಿ ಕಿವಿಯಲ್ಲಿ ಇಂಥ ಸದ್ದು ಇರುವವರ ಮಿದುಳನ್ನು ಸ್ಕ್ಯಾನ್ ಮಾಡಿ ಸಂಶೋಧನೆ ನಡೆಸುತ್ತಿದ್ದಾರೆಂದು ಕಿವಿ ಡಾಕ್ಟರು ಹೇಳಿದ್ದೇ ತಡ, ಬಸ್ಸು ಹತ್ತಿದೆ. ಮೊದಲು ಹೆಡ್‌ಫೋನಿನಲ್ಲಿ ಹತ್ತಾರು ಸದ್ದು ಕೇಳಿಸಿ, ನನ್ನ ಸುಂಯ್‌ಗೆ ಹೊಂದುವುದನ್ನು ನನ್ನಿಂದಲೇ ಆರಿಸಿದರು. ಆಮೇಲೆ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ, ಲೋಹ ಇರಬಾರದೆಂದು ಚಪ್ಪಲಿ ಬಿಡಿಸಿದರು. "ಇದರಾಗ ಒಂದೂ ಮೊಳಿ ಇಲ್ರಿ, ಬರೇ ತೊಗಲ" ಎಂದು ಮಗುಚಿ ತೋರಿಸಿದೆ. ಆದರೂ ಬಿಡಿಸಿದರು. ಯಂತ್ರ ಧಡಧಡ ಬಡಿಯಿತು. ತಲೆ ಅಲುಗಬಾರದು. ಮೂಗು ತುರಿಸಿದರೂ ಹಲ್ಲು ಕಚ್ಚಿ ಮಲಗಿದೆ.

ಮುಗಿದ ಮೇಲೆ, "ನನ್ನ ಸದ್ದಿನ ಫೋಟೊ ಕೊಡ್ರಿ, ಮನ್ಯಾಗ ತೋರಸಬೇಕ" ಅಂದೆ.

ಸಂಶೋಧನೆ ನಡೆಸುವ ಡಾಕ್ಟರಮ್ಮ ನಗಲಿಲ್ಲ. "ಒಬ್ಬರ ಚಿತ್ರದಾಗ ಅದು ಕಾಣೂದಿಲ್ರಿ ಕಾಕಾ. ಸದ್ದ ಇದ್ದವರದು, ಇಲ್ಲದವರದು, ಭಾಳ ಮಂದೀದು ಹೋಲಿಸಿ ನೋಡಬೇಕ. ನಿಮ್ಮ ವಾರಗಿಯವರು, ನಿಮ್ಮಷ್ಟ ವಯಸ್ಸಿನವರು, ಕಿವಿ ಚೊಲೊ ಇದ್ದವರು ಯಾರರ ಇದ್ರ ಕರಕೊಂಡ ಬರ್ರಿ."

ಬರಿಗೈಯಲ್ಲಿ ಮರಳಿದೆ. ಆದರೆ ನಾನು ಚಪ್ಪಲಿ ಮಾಡುವ ಕೋಣೆಯಲ್ಲೇ ಕೂತು, ತೊಗಲು ಬಡಿಯುವ ಅದೇ ಸದ್ದು ಕೇಳಿಯೂ ಕಿವಿ ನೆಟ್ಟಗಿದ್ದವಳು ಮನೆಯಲ್ಲೇ ಇದ್ದಳು. ನನಗಿಂತ ಎರಡೇ ವರ್ಷ ಚಿಕ್ಕವಳು. ಎಂಟು ದಿನ ಬೆನ್ನು ಬಿದ್ದೆ. "ನಿಮ್ಮ ಹುಚ್ಚಿಗೆ ನಾನೂ ಬರಬೇಕೇನ್ರಿ?" ಎಂದು ಗೊಣಗುತ್ತಲೇ ಬಂದಳು.

ಅವಳ ಕಿವಿ ಪರೀಕ್ಷೆ ಮುಗಿದಾಗ, ನಾನು ಆರಿಸಿದ್ದ ಸದ್ದನ್ನು ಅವಳಿಗೂ ಕೇಳಿಸಿರೆಂದು ಕೇಳಿಕೊಂಡೆ. ಕೇಳಿಸಿದರು. ಸ್ವಲ್ಪ ಹೊತ್ತಿಗೇ ಹೆಡ್‌ಫೋನು ಕಿತ್ತು ಕೆಳಗಿಟ್ಟಳು.

"ಇದನ್ನ ಬಂದ್ ಮಾಡೂದ ಹ್ಯಾಂಗ್ರಿ?"

"ಕಾಕಾಗ ಬಂದ್ ಆಗೂದಿಲ್ರಿ" ಅಂದರು ಡಾಕ್ಟರಮ್ಮ.

ಅವಳು ನನ್ನ ಮುಖ ನೋಡಲಿಲ್ಲ. ತಾಳಿ, ಕಾಲುಂಗುರ ಬಿಚ್ಚಿ ನನ್ನ ಕೈಗೆ ಕೊಟ್ಟು, ಯಾರೂ ಕರೆಯುವ ಮೊದಲೇ ಸ್ಕ್ಯಾನ್ ಕೋಣೆಯತ್ತ ನಡೆದಳು. ನನಗೆ ಅಳು ಬಂತು.

ಸುಂಯ್ ಇನ್ನೂ ಇದೆ. ಚಪ್ಪಲಿ ಮಾಡುವುದನ್ನು ಬಿಟ್ಟಿಲ್ಲ. ಜೋಡು ಸಿದ್ಧವಾದಾಗ ಅವಳೇ ಮೆಟ್ಟಿಕೊಂಡು ಅಂಗಳದಲ್ಲಿ ಒಂದು ಸುತ್ತು ನಡೆಯುತ್ತಾಳೆ. "ಕರ್‌ಕರ್ ಅನ್ನಾಕತ್ತೈತ್ರಿ" ಅಂದರೆ ಕಟ್ಟಿಡುತ್ತೇನೆ.