ಗಿಳಿ ಬರೆದ ನಂಬರ್ ಪ್ಲೇಟು

ಹೋದ ತಿಂಗಳು ಸಿಂದಗಿಯ ತವರಿಗೆ ಹೋದಾಗ ಅಣ್ಣ ಗುಜರಿಯವನಿಗೆ ಕೊಡಲೆಂದು ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಇಳಿಸಿದ್ದ. ಅದರಲ್ಲಿ ಅಪ್ಪನ ಹಳೆಯ ಅಂಬಾಸಿಡರ್ ಕಾರಿನ ನಂಬರ್ ಪ್ಲೇಟೂ ಇತ್ತು. ಸೆರಗಿನಿಂದ ಧೂಳು ಒರೆಸಿದೆ. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಹಸಿರು ಗಿಳಿ, ಕೆಂಪು ಕೊಕ್ಕು... ಉಗುರಿನಿಂದ ಕೆರೆದು ನೋಡಿದೆ. ಒಂದು ಚೂರು ಬಣ್ಣವೂ ಏಳಲಿಲ್ಲ.

“ಅದನ್ಯಾಕ ಹಿಡ್ಕೊಂಡ್ ಕುಂತಿ? ಆ ಮೋಸಗಾರ ಪೇಂಟರ್‌ಂದು ಅದು, ಒಗಿ ಅತ್ಲಾಗ,” ಎಂದ ಅಣ್ಣ.

ಇಪ್ಪತ್ತು ವರ್ಷವಾದರೂ ಅದೇ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಗಿಳಿ ಪೇಂಟರ್ ಕಾಕಾನ ಸಹಿ. ಇಂಡಿ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಹಳೆಯ ಕಾರು ಬಂದರೆ ತಿಕ್ಕಿ, ತಗ್ಗು ತುಂಬಿ, ಬೂದುಬಣ್ಣದ ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ಕೆಲಸ ಮನಸ್ಸಿಗೆ ಬಂದ ಮೇಲಷ್ಟೇ ನಂಬರ್ ಪ್ಲೇಟನ್ನು ಕೈಯಾರೆ ಬರೆದು ಮೂಲೆಯಲ್ಲಿ ಗಿಳಿ ಕೂರಿಸುತ್ತಿದ್ದರು. ಹೆಸರು ಬರೆಯುತ್ತಿರಲಿಲ್ಲ. ಗಿಳಿ ಕಂಡರೆ ಇಂಡಿಯವರಿಗೂ ಬಾಗೇವಾಡಿಯವರಿಗೂ ಇದು ಯಾರ ಕೈಕೆಲಸ ಎಂದು ತಿಳಿಯುತ್ತಿತ್ತು.

ನನ್ನ ಮದುವೆ ಮುದ್ದೇಬಿಹಾಳದ ಕಡೆಗೆ ಗೊತ್ತಾದಾಗ, ಮಗಳು ಇದೇ ಕಾರಿನಲ್ಲಿ ಗಂಡನ ಮನೆಗೆ ಹೋಗಲಿ ಎಂದು ಅಪ್ಪ ಅದಕ್ಕೆ ಬಣ್ಣ ಹೊಡೆಸಿದರು. ತಿಳಿನೀಲಿ ಬಣ್ಣ, ಆರಿಸಿದವಳು ನಾನೇ. ಕಾರು ತರಲು ಅಣ್ಣನ ಜೊತೆ ನಾನೂ ಹೋಗಿದ್ದೆ. ಕಾಕಾ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಹೇಳಿದರು: “ಅಣ್ಣಾರ, ಮ್ಯಾಲೆ ಒಣಗಿದ್ದು ಕಾಣತೈತಿ, ಒಳಗ ಇನ್ನಾ ಹಸಿ ಐತಿ. ಮೂರ್ ತಿಂಗಳ ಇದರ ಮ್ಯಾಲೆ ಏನೂ ಅಂಟಸಬ್ಯಾಡ್ರಿ. ಮದುವಿ ಹೆಸರ ಸೈತ ಗಾಜಿಗೇ ಹಚ್ರಿ.”

“ಹೂಂ ಕಾಕಾ,” ಎಂದ ಅಣ್ಣ. ನಾನು ಪಕ್ಕದಲ್ಲೇ ಇದ್ದೆ.

ಎಂಟು ದಿನಕ್ಕೆ ಅಣ್ಣ ಕಾರನ್ನು ಸೋಲಾಪುರಕ್ಕೆ ಒಯ್ದು ಬಾನೆಟ್ಟು, ಟಾಪು, ಡಿಕ್ಕಿಗೆಲ್ಲ ಕರಿ ಸ್ಟಿಕರ್ ಹಾಳೆ ಸುತ್ತಿಸಿಕೊಂಡು ಬಂದ. ಬೀಗರ ಮುಂದೆ ಡೌಲು ಮಾಡಬೇಕಿತ್ತಲ್ಲ! ಬಣ್ಣ ಯಾವಾಗ ಹೊಡೆಸಿದ್ದು ಎಂದು ಆ ಅಂಗಡಿಯವನು ಒಂದು ಮಾತೂ ಕೇಳಲಿಲ್ಲವಂತೆ. ಅಂಟಿಸುವವನಿಗೇನು, ಅಂಟಿಸಿದರೆ ಅವನ ಕೆಲಸ ಮುಗಿಯಿತು.

ನಮ್ಮ ಕಡೆಯ ವೈಶಾಖದ ಬಿಸಿಲು ಗೊತ್ತೇ ಇದೆ. ಕಾರು ಅಂಗಳದಲ್ಲಿ ಬೇಯಿತು. ಹಾಳೆಯ ಕೆಳಗೆ ಗುಳ್ಳೆ ಎದ್ದವು, ಅಂಚು ಸುರುಳಿಯಾಯಿತು. ಪಂಚಮಿಗೆ ನಾನು ತವರಿಗೆ ಬಂದ ಮರುದಿನ ಬೆಳಿಗ್ಗೆ ಅಣ್ಣ ಅದನ್ನು ಕಿತ್ತುಹಾಕಲು ನಿಂತ. ಬಿಸಿ ತಾಗಿಸಿ ಸಾವಕಾಶ ಬಿಡಿಸಬೇಕಾದ ಹಾಳೆಯನ್ನು ಎರಡೂ ಕೈಯಿಂದ ಜಗ್ಗಿದ. ಬಾಳೆಹಣ್ಣಿನ ಸಿಪ್ಪೆಯಂತೆ ನನ್ನ ತಿಳಿನೀಲಿ ಬಣ್ಣವೂ ಎದ್ದು ಬಂತು. ಬಾನೆಟ್ಟಿನ ಮೇಲೆ ಉಳಿದದ್ದು ಬೂದು ಕಲೆ, ಅಲ್ಲಲ್ಲಿ ಬರೀ ತಗಡು.

ಗೆಳತಿಯ ಮನೆಯಲ್ಲಿ ಜೋಕಾಲಿ ಆಡಲು ಬಿಟ್ಟು ಬರುತ್ತೇನೆ ಎಂದು ನನ್ನನ್ನು ಕೂರಿಸಿಕೊಂಡವನು ನೆಟ್ಟಗೆ ಶೆಡ್ಡಿಗೆ ನಡೆಸಿದ. ಅಲ್ಲಿ ನಾಲ್ಕಾರು ಜನ ಗಿರಾಕಿಗಳಿದ್ದರು. “ಇದೇನ್ ಬಣ್ಣ ಹೊಡದಿಯೋ ನೀನು? ಸುಣ್ಣ ಹಚ್ಚಿದ್ರೂ ಇದಕಿಂತ ಛಲೋ ನಿಲ್ತಿತ್ತು,” ಎಂದ. ಕಾಕಾ ಎನ್ನುತ್ತಿದ್ದ ಬಾಯಿ ಏಕವಚನಕ್ಕೆ ಇಳಿದಿತ್ತು.

ಕಾಕಾ ಸಿಟ್ಟಾಗಲಿಲ್ಲ. ಕಿತ್ತ ಹಾಳೆಯ ತುಂಡನ್ನು ತಿರುವಿ ಹಿಡಿದರು. “ಬಣ್ಣ ಇದರ ಬೆನ್ನಿಗೆ ಐತಿ ನೋಡ್ರಿ, ಅಣ್ಣಾರ. ಹಸಿ ಬಣ್ಣ ಅಂಟಿಗೆ ಅಂಟಿ ಕುಂತೈತಿ. ನಾ ಬ್ಯಾಡ ಅಂದಿದ್ದೆ.” ಅಣ್ಣ, ಅಂಥ ಮಾತೇ ಆಗಿಲ್ಲ ಎಂದ. ಆಗ ಕಾಕಾ ಕಾರಿನೊಳಗೆ ಕೂತಿದ್ದ ನನ್ನ ಕಡೆ ತಿರುಗಿದರು.

“ತಂಗಿ, ನೀನೂ ಇದ್ದೆಲ್ಲಾ ಅವತ್ತ. ನಾ ಏನ್ ಹೇಳಿದ್ದೆ? ಹೇಳವ್ವಾ.”

ಎಲ್ಲರೂ ನನ್ನನ್ನೇ ನೋಡಿದರು. ಅಣ್ಣನೂ ನೋಡಿದ. ಹೊಸದಾಗಿ ಮದುವೆಯಾದವಳು, ನಾಳೆ ತವರಿನ ಬಾಗಿಲು ಬೇಕಲ್ಲ...

“ನನಗ ನೆನಪಿಲ್ರಿ, ಕಾಕಾ,” ಎಂದೆ.

ಅವರು ಹಾಳೆಯ ತುಂಡನ್ನು ಮೆಲ್ಲಗೆ ಬಾನೆಟ್ಟಿನ ಮೇಲಿಟ್ಟು ಒಳಗೆ ಹೋದರು.

ಮುಂದೆ ಎರಡು ತಿಂಗಳು ಅಣ್ಣ ಬೇಕೆಂದೇ ಆ ಬೋಳು ಕಾರನ್ನು ಊರೂರು ತಿರುಗಿಸಿದ. ಸೋಲಾಪುರದ ಅಂಗಡಿಯ ಗುರುತು ಅದರ ಮೇಲೆ ಎಲ್ಲೂ ಇರಲಿಲ್ಲ. ಗಿಳಿ ಮಾತ್ರ ಇತ್ತು, ಎಲ್ಲರಿಗೂ ಕಾಣುವ ಹಾಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಗಿಳಿ ಹಾರಿಹೋಯಿತು ಎಂದು ಚಹಾದಂಗಡಿಯಲ್ಲಿ ನಕ್ಕರಂತೆ. ಬಾಗೇವಾಡಿಯ ಕಾರುಗಳು ಬರುವುದು ನಿಂತಿತು, ಆಮೇಲೆ ಊರಿನವೂ. ಮರುವರ್ಷ ಕಾಕಾ ಶೆಡ್ಡು ಮುಚ್ಚಿ ನಾಲತವಾಡದ ಮಗಳ ಮನೆಗೆ ಹೋದರು. ಅಲ್ಲಿ ಕಿಟಕಿಯ ಸರಳಿಗೆ, ಕಾರಹುಣ್ಣಿಮೆ ಬಂದರೆ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಿದ್ದರು ಎಂದು ಕೇಳಿದೆ. ಅಂಥ ಕೈ!

ಮುದ್ದೇಬಿಹಾಳದಿಂದ ನಾಲತವಾಡ ಎಷ್ಟು ದೂರ? ಬಸ್ಸು ಹತ್ತಿದರೆ ಒಂದು ತಾಸೂ ಇಲ್ಲ. ಹತ್ತಲಿಲ್ಲ. ಹಬ್ಬ ಮುಗಿಯಲಿ, ಮಗುವಿನ ಪರೀಕ್ಷೆ ಮುಗಿಯಲಿ ಎಂದು ನೆಪ ಹೇಳಿಕೊಂಡೇ ಎಂಟು ವರ್ಷ ಕಳೆದೆ. ಅವರು ತೀರಿಕೊಂಡ ಸುದ್ದಿಯೇ ನನ್ನ ಬಳಿ ಬಂತು. ಅಣ್ಣನ ಮೇಲೆ ನನಗಿರುವ ಸಿಟ್ಟು ದೊಡ್ಡದು. ನನ್ನ ಮೇಲಿರುವುದು ಅದಕ್ಕಿಂತ ದೊಡ್ಡದು.

ಪ್ಲೇಟು ಹಿಡಿದುಕೊಂಡೇ ಅಂಗಳದಲ್ಲಿ ಎದ್ದು ನಿಂತೆ. “ಅಣ್ಣಾ, ಕಾಕಾ ಮೂರ್ ತಿಂಗಳ ಅಂದಿದ್ರು. ನೀ ಹೂಂ ಅಂದಿದ್ದಿ. ನಾ ಅಲ್ಲೇ ಇದ್ದೆ.”

ಅಷ್ಟೊತ್ತಿಗೆ ಬಂದು ಸಾಮಾನು ತೂಗುತ್ತಿದ್ದ ಗುಜರಿಯವನ ಕಡೆ ಅಣ್ಣ ಒಮ್ಮೆ ನೋಡಿದ. “ಸತ್ತವರ ಮಾತು ಈಗ್ಯಾಕ? ಅಂವ ಏನ್ ಕೇಳಾಕ ಬರ್ತಾನಾ?” ಎಂದ.

ಪ್ಲೇಟನ್ನು ನಾನು ತಂದು ಪಡಸಾಲೆಯ ಗೋಡೆಗೆ ಹಾಕಿದ್ದೇನೆ. ಇದು ಯಾರದು ಎಂದು ಬಂದವರು ಕೇಳುತ್ತಾರೆ. ಎಲ್ಲ ಹೇಳುತ್ತೇನೆ, ಮೂರು ತಿಂಗಳ ಮಾತನ್ನೂ ಬಿಡದೆ. ಕಾಕಾ ಕೇಳಿದ ದಿನ ಮಾತ್ರ ಹೇಳಲಿಲ್ಲ.