ಜೀಪಿನ ಬಲಗಾಲಿಗೆ ನೀರು

ಜೀಪಿನ ಬ್ರೇಕು ಕೆಡಿಸಿದವಳು ನಾನು. ವಾಸು ಅಲ್ಲ. ಮೊದಲ ಸಲವೂ ಅಲ್ಲ, ಕೊನೆಯ ಸಲವೂ ಅಲ್ಲ — ಒಂದು ಸಲವೂ ಅವನಲ್ಲ.

ಇಷ್ಟು ಹೇಳುವುದಕ್ಕೆ ನನಗೆ ಒಂದು ಆಯುಷ್ಯವೇ ಬೇಕಾಯಿತು. ಓದುವ ನೀವು "ಪಾಪ, ಗೊತ್ತಿಲ್ಲದೆ ಆದದ್ದು" ಎಂದು ಶುರುಮಾಡುವ ಮುಂಚೆಯೇ ತಡೆಯುತ್ತೇನೆ. ಕೆಡಿಸಿದ್ದು ಗೊತ್ತಿಲ್ಲದೆ, ಸರಿ. ಮುಚ್ಚಿಟ್ಟದ್ದು ಗೊತ್ತಿದ್ದೇ. ನನ್ನ ಮಗಳು ಕೂಡ "ಅಮ್ಮಾ, ಅಪ್ಪ ಇಲ್ಲ, ಜೀಪು ಗುಜರಿಗೆ ಹೋಗಿ ಯಾವ ಕಾಲವಾಯಿತು, ಈಗ ಯಾಕೆ ಇದೆಲ್ಲ?" ಎಂದಳು. ಜೀಪು ಗುಜರಿಗೆ ಹೋಯಿತು, ಹೌದು. ವಾಸು ಹೋಗಿಲ್ಲವಲ್ಲ. ಅವನು ಬದುಕಿದ್ದಾನೆ. ಸಂಜೆ ದೀಪ ಹಚ್ಚಿ ದೇವಿ ನನಗೆ ಮಾಡಿದ ಸಣ್ಣಪುಟ್ಟ ದಯೆಗಳನ್ನು ನೆನೆಯುವಾಗ ಈಚೆಗೆ ನಾನು ಮೊದಲು ನೆನೆಯುವುದು ಅದನ್ನೇ.

ವಾಸು ನನ್ನ ಮೈದುನ, ನಮ್ಮವರ ಕೊನೆಯ ತಮ್ಮ. ನಾವು ಕುಂದಾಪುರದ ಕಡೆಯವರು. ಅರವತ್ತರ ದಶಕದ ಕೊನೆಗೆ ನಮ್ಮವರದು ನಾಶಿಕದಲ್ಲಿ ಒಂದು ಸಸ್ಯಾಹಾರಿ ಹೋಟೆಲು, ದೊಡ್ಡ ಭಾವನವರದು ಔರಂಗಾಬಾದಿನಲ್ಲಿ ಇನ್ನೊಂದು. ಈಗ ಅದು ಛತ್ರಪತಿ ಸಂಭಾಜಿನಗರ. ನನ್ನ ಬಾಯಿಗೆ ಇನ್ನೂ ಹಳೆಯ ಹೆಸರೇ ಬರುತ್ತದೆ. ಎರಡೂ ಕಡೆಗೆ ಸಾಮಾನು ಹೊರುವುದಕ್ಕೆಂದು ನಮ್ಮವರು ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೆಯ ಜೀಪೊಂದನ್ನು ತಂದರು. ಸಟಾಣಾದಿಂದ ಈರುಳ್ಳಿ, ಮನ್ಮಾಡ್ ಸ್ಟೇಶನ್ನಿನಿಂದ ಊರ ತೆಂಗಿನಕಾಯಿ — ಎಲ್ಲ ಅದರಲ್ಲೇ ಬರಬೇಕು. ಓಡಿಸುವವನು ವಾಸು. ಶಾಲೆ ಅವನ ತಲೆಗೆ ಹತ್ತಲಿಲ್ಲ, ಹೋಟೆಲಿನ ಕೆಲಸ ಕೈಗೆ ಹತ್ತಲಿಲ್ಲ. ಸ್ಟೇರಿಂಗ್ ಹಿಡಿದ ಮೇಲೆಯೇ ಆ ಹುಡುಗನ ಬೆನ್ನು ನೆಟ್ಟಗಾದದ್ದು.

ಜೀಪು ಬಂದ ದಿನ ನಾನು ಸೊಸೆಯನ್ನು ಮನೆ ತುಂಬಿಸಿಕೊಂಡ ಹಾಗೆ ತುಂಬಿಸಿಕೊಂಡೆ. ಆರತಿ ಎತ್ತಿ, ಚಕ್ರಕ್ಕೆ ಕುಂಕುಮ ಇಟ್ಟು, "ಬಲಗಾಲು ಮುಂದಿಟ್ಟು ಬಾ ತಾಯಿ" ಎಂದೆ. ನಮ್ಮವರು ನಕ್ಕರು. "ನಿನ್ನ ದೇವರು ಅಡುಗೆಮನೆಯಲ್ಲಿ ಇರಲಿ ಮಾರಾಯ್ತಿ, ಎಂಜಿನ್ನಿಗೆ ಬೇಡ" ಎಂದರು. ಅವರು ಹಾಗೆಯೇ. ನನ್ನ ವ್ರತ, ನನ್ನ ಉಪವಾಸ, ಎಲ್ಲವೂ ಅವರಿಗೆ ಹೋಟೆಲಿನ ಗಿರಾಕಿಗಳ ಮುಂದೆ ಹೇಳಿ ನಗಿಸುವ ಕತೆ.

ನಮ್ಮ ಊರ ಕಡೆ ದೂರದಿಂದ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ, ಆಮೇಲೆ ಮಾತು. ನಾನು ಜೀಪಿಗೂ ಅದನ್ನೇ ಮಾಡಿದೆ. ಅದು ದಾರಿಯ ದೃಷ್ಟಿಯನ್ನೆಲ್ಲ ಮೆತ್ತಿಕೊಂಡು ಬರುತ್ತದೆ. ಹಾಗೇ ಅಂಗಳಕ್ಕೆ ಹೊಗಿಸುವುದು ಹೇಗೆ? ಅದು ಗೇಟಿನ ಹೊರಗೆ ನಿಲ್ಲಬೇಕು. ನಾನು ಬಾವಿಯಿಂದ ಸೇದಿದ ತಣ್ಣೀರನ್ನು ತುಳಸಿಗೆ ಒಂದು ಹನಿ ತೋರಿಸಿ ತಂದು ಮುಂದಿನ ಬಲಗಡೆಯ ಚಕ್ರಕ್ಕೆ, ಅದರ ತೂತುಗಳ ಒಳಕ್ಕೇ ಹೋಗುವ ಹಾಗೆ, ಒಂದು ಕೊಡ ಎರೆಯಬೇಕು. ಬಲಗಾಲಿಗೆ ಮಾತ್ರ. ಆಮೇಲೆ ಒಳಗೆ. ಆ ಹೊತ್ತಿನಲ್ಲಿ ನಮ್ಮವರು ಹೋಟೆಲಿನಲ್ಲಿ ಇರುತ್ತಿದ್ದರು. ನೋಡುತ್ತಿದ್ದವನು ವಾಸು ಒಬ್ಬನೇ. ಸ್ಟೇರಿಂಗಿನ ಮೇಲೆ ಗಲ್ಲ ಊರಿ ಕಾಯುತ್ತಿದ್ದ.

"ಅತ್ತಿಗೆ, ಓಡಿಸಿ ಓಡಿಸಿ ಸೊಂಟ ಹೋದದ್ದು ನಂದು. ಕಾಲಿಗೆ ನೀರು ಇದಕ್ಕಾ?"

"ನೀನು ಎಂತ ನೆಂಟನಾ? ಹಿಂದಿನ ಬಾಗಿಲಲ್ಲಿ ಬಕೆಟ್ ಇದೆ, ತೊಳ್ಕೋ ಹೋಗು."

ನಮ್ಮ ಮನೆ ಗೋದಾವರಿಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ತುಂಬಿದ ಜೀಪು ಆ ಇಳಿಜಾರಿನುದ್ದಕ್ಕೂ ಬ್ರೇಕು ಒತ್ತಿಕೊಂಡೇ ಇಳಿಯಬೇಕು, ಬೇರೆ ದಾರಿಯಿಲ್ಲ. ಹಾಗಾಗಿ ಗೇಟಿಗೆ ಬರುವಾಗ ಚಕ್ರದ ಒಳಗಿನ ಕಬ್ಬಿಣ ಒಲೆಯ ಮೇಲಿನ ಕಾವಲಿಯಂತೆ ಕಾದಿರುತ್ತಿತ್ತು. ನೀರು ಬಿದ್ದೊಡನೆ ಚೊಂಯ್ ಎಂದು ಆವಿ ಏಳುತ್ತಿತ್ತು. ನಾನು ತಿಳಿದದ್ದೇನು ಗೊತ್ತೇ? ದೃಷ್ಟಿ ಸುಟ್ಟುಹೋಗುವ ಸದ್ದು ಎಂದು! ಸದ್ದು ಜೋರಾದ ದಿನ, ಇವತ್ತು ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದು ಇನ್ನೊಂದು ಕೊಡ ತರುತ್ತಿದ್ದೆ.

ನಗಬೇಕಾದರೆ ನಗಿ. ಆ ನೀರಿಗಾಗಿ ನಾನು ಇಂದಿಗೂ ನಾಚುವುದಿಲ್ಲ. ಹೋದವನು ಹೋದ ಹಾಗೇ ಮನೆಗೆ ಬಂದನಲ್ಲ ಎಂಬ ಸಮಾಧಾನಕ್ಕೆ ಎರೆದ ನೀರು ಅದು. ನಾಚಬೇಕಾದದ್ದು ಮುಂದೆ ಇದೆ.

ಕೆಲವು ತಿಂಗಳಲ್ಲಿ ಬ್ರೇಕು ಒತ್ತಿದರೆ ಪೆಡಲು ಕಾಲನ್ನು ತಿರುಗಿ ಒದೆಯತೊಡಗಿತು. ಸ್ಟೇರಿಂಗು ಕೈಯಲ್ಲಿ ನಡುಗುತ್ತದೆ ಎಂದು ವಾಸು ಹೇಳಿದ. ಲೇತಿನ ಅಂಗಡಿ ಇಟ್ಟಿದ್ದ ಈರಪ್ಪನವರನ್ನು ಕರೆಸಿದರು. ಗದಗಿನ ಕಡೆಯವರು, ಕನ್ನಡದವರು ಎಂದು ನಮ್ಮ ಕೆಲಸವೆಲ್ಲ ಅವರಿಗೇ. ಚಕ್ರ ಬಿಚ್ಚಿ, ಒಳಗಿನಿಂದ ದಪ್ಪ ತಳದ ಕಬ್ಬಿಣದ ಬೋಗುಣಿಯಂಥದನ್ನು ತೆಗೆದು ತೋರಿಸಿದರು — ಅದೇ ಬ್ರೇಕ್ ಡ್ರಮ್ಮು.

"ದುಂಡು ಹೋಗೇತ್ರಿ ಸಾವ್ಕಾರ್ರ. ತತ್ತಿ ಆದಂಗ ಆಗೇತಿ."

"ಸಸ್ಯಾಹಾರಿ ಹೋಟೆಲಿನ ಜೀಪು ಈರಪ್ಪ, ತತ್ತಿಗಿತ್ತಿ ಅನ್ನಬೇಡ ಮಾರಾಯ!" ಎಂದರು ನಮ್ಮವರು. ಎಲ್ಲರೂ ನಕ್ಕೆವು.

ಈರಪ್ಪ ಅದನ್ನು ಲೇತಿಗೆ ಕಟ್ಟಿ, ತಿರುಗಿಸಿ, ಒಳಮೈಯನ್ನು ಹೆರೆದು ಮತ್ತೆ ದುಂಡಗೆ ಮಾಡಿ ಹಾಕಿಕೊಟ್ಟರು. ಜೀಪು ಬೆಣ್ಣೆಯಂತೆ ನಿಲ್ಲತೊಡಗಿತು. ನಾನು ಸಂತೋಷದಿಂದ ನೀರೆರೆದೆ. ಸ್ವಲ್ಪ ದಿನಕ್ಕೆ ಮತ್ತೆ ನಡುಕ. ಮತ್ತೆ ಲೇತು, ಮತ್ತೆ ಹೆರೆತ, ಮತ್ತೆ ನನ್ನ ನೀರು —

ಮೂರನೆಯ ಸಲ ಕೆಟ್ಟಾಗ ನಮ್ಮವರು ಹೋಟೆಲು ಬಿಟ್ಟು ಮನೆಗೆ ಬಂದು ನಿಂತರು. ಈರಪ್ಪ ಡ್ರಮ್ಮನ್ನು ಅಂಗಳದ ಕಲ್ಲಿನ ಮೇಲಿಟ್ಟು, "ಇನ್ನ ಹೆರೆದರ ಹಪ್ಪಳ ಆಗತೈತ್ರಿ. ಹೊಸಾದ ಹಾಕಬೇಕು" ಎಂದರು. ಆಮೇಲೆ ತಲೆ ಕೆರೆದುಕೊಂಡು ಕೇಳಿದರು: "ಒಂದ್ ಮಾತ್ರಿ. ಕಾದ ಗಾಲಿಗೆ ಯಾರರ ತಣ್ಣೀರ ಹಾಕ್ತಾರೇನ್ರಿ? ಕಾದ ಬೀಡು ಕಬ್ಬಿಣಕ್ಕ ನೀರ ಬಿದ್ದರ ಅದು ಸೆಟೀತೈತಿ, ದುಂಡು ಹೋಗತೈತಿ."

ನಾನು ತುಳಸಿಕಟ್ಟೆಯ ಹತ್ತಿರ ನಿಂತಿದ್ದೆ. ಸೊಂಟದ ಮೇಲೆ ಕೊಡ ಇತ್ತು.

ನಮ್ಮವರು ವಾಸುವಿನ ಕಡೆ ತಿರುಗಿ "ಹೊಳೆಗೆ ಇಳಿಸ್ತೀಯಾ?" ಎಂದರು. ಅವನು "ಇಲ್ಲ ಅಣ್ಣಯ್ಯ" ಎಂದ. ಆಮೇಲೆ ನನ್ನ ಕಡೆ ತಿರುಗಿದರು. "ನೀನು ಏನಾದರೂ ನೋಡಿದ್ದೀಯಾ? ಯಾರಾದರೂ ನೀರು ಹಾಕುವುದು?"

ವಾಸು ನನ್ನನ್ನೇ ನೋಡುತ್ತಿದ್ದ. ಕೊಡವನ್ನಲ್ಲ, ನನ್ನ ಮುಖವನ್ನು. ಕಾಯುತ್ತಿದ್ದ — ಗೇಟಿನ ಹೊರಗೆ ಕಾಯುತ್ತಿದ್ದ ಹಾಗೆಯೇ.

"ನನಗೇನು ಗೊತ್ತು ಇದೆಲ್ಲ? ನಾನು ಒಲೆಯ ಮುಂದಿನವಳು" ಎಂದೆ.

ಇಷ್ಟೇ. ಇಷ್ಟೇ ನಾನು ಆಡಿದ ಮಾತು. ಆ ಮಾತಿಗೆ ಬಾಯಿ ತೆರೆದ ಹೊತ್ತಿನಲ್ಲಿ ಸತ್ಯವನ್ನೂ ಹೇಳಬಹುದಿತ್ತು, ಅದು ಇದಕ್ಕಿಂತ ಉದ್ದವೇನಲ್ಲ. ಯಾಕೆ ಹೇಳಲಿಲ್ಲ? ಹೊಡೆಯುತ್ತಾರೆಂದಲ್ಲ, ನಮ್ಮವರು ಕೈ ಎತ್ತಿದವರಲ್ಲ. ನಗುತ್ತಾರೆಂದು. ಜೀಪಿಗೆ ಕಾಲು ತೊಳೆದು ಕೆಡಿಸಿದವಳು ಎಂದು ಹೋಟೆಲಿನಲ್ಲಿ ಹೇಳುತ್ತಾರೆ, ಔರಂಗಾಬಾದಿನಲ್ಲಿ ಹೇಳುತ್ತಾರೆ, ಊರಿಗೆ ಹೋದಾಗ ಹೇಳುತ್ತಾರೆ — ನನ್ನ ದೇವರನ್ನೂ ಸೇರಿಸಿ ನಗುತ್ತಾರೆ. ಅಷ್ಟಕ್ಕೆ. ನನ್ನನ್ನು ನೋಡಿ ನಗಬಾರದೆಂದು ಇನ್ನೊಬ್ಬನನ್ನು ಬದುಕಿನುದ್ದಕ್ಕೂ ನಗೆಗೆ ಕೊಟ್ಟೆ.

ನಮ್ಮವರು ತೀರ್ಮಾನ ಕೊಟ್ಟರು. "ಇಳಿಜಾರು ಬಂದರೆ ಬ್ರೇಕಿನ ಮೇಲೇ ಮಲಗ್ತಾನೆ ಇವನು. ಇನ್ನೆಂತ ಆಗುತ್ತದೆ? ಸುಡುತ್ತದೆ!" ವಾಸುವಿನ ಕೈಯಿಂದ ಕೀಲಿ ತೆಗೆದುಕೊಂಡರು. ವಾಸು ಕೊಟ್ಟುಬಿಟ್ಟ. ನನ್ನ ಹೆಸರು ಹೇಳಲಿಲ್ಲ.

ಇಲ್ಲಿಗೇ ನಿಂತಿದ್ದರೆ, ಗಾಬರಿಯಲ್ಲಿ ಬಾಯಿ ತಪ್ಪಿತು ಎಂದು ನಾನೇ ನನಗೆ ಹೇಳಿಕೊಳ್ಳುತ್ತಿದ್ದೆನೋ ಏನೋ. ದೇವಿ ಆ ದಾರಿಯನ್ನೂ ಬಿಡಲಿಲ್ಲ. ಈರಪ್ಪ ಹೋಗುವ ಮುಂಚೆ ಹಿಂದಿನ ಬಾಗಿಲಿಗೆ ಬಂದು ಮಜ್ಜಿಗೆ ಕೇಳಿದರು. ಕುಡಿದು, ಲೋಟ ಬೋರಲು ಹಾಕಿ, ದನಿ ತಗ್ಗಿಸಿ ಹೇಳಿದರು: "ಅಕ್ಕಾರ, ಬಲಗಡೆ ಡ್ರಮ್ ಒಂದ ಕೆಡಾಕತ್ತೈತ್ರಿ ಪ್ರತಿ ಸಲಾನೂ. ಹುಡುಗ ಬ್ರೇಕ್ ಒತ್ತೇ ಕೆಡೂದಾಗಿದ್ರ ಎಡಗಡೇದೂ ಕೆಡಬೇಕಿತ್ತಲ್ರಿ? ಅವನ ತಪ್ಪಲ್ಲ. ಸಾವ್ಕಾರ್ರು ಸಿಟ್ಟಿನಾಗ ಅದಾರ, ನಾ ಹೇಳಿದ್ರ ಕೇಳೂದಿಲ್ಲ. ನೀವು ತಿಳಿಸಿ ಹೇಳ್ರಿ."

"ಹೇಳ್ತೇನೆ" ಎಂದೆ. ಹೇಳಲಿಲ್ಲ. ಬಲಗಡೆ ಮಾತ್ರ ಯಾಕೆ ಎಂದು ಆ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ವಾಸುವನ್ನು ಔರಂಗಾಬಾದಿಗೆ, ದೊಡ್ಡ ಭಾವನ ಹೋಟೆಲಿಗೆ ಕಳಿಸಿದರು. ಹೊರಡುವ ದಿನ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಏಳುವಾಗ ಮೆಲ್ಲಗೆ, "ಅತ್ತಿಗೆ, ಇನ್ನು ಜೀಪಿಗೆ ನೀರು ಹಾಕಬೇಡಿ, ಆಯ್ತಾ? ಬರುವ ಡ್ರೈವರ್ ಬಡವ ಇರಬಹುದು" ಎಂದ.

ಬೈದಿದ್ದರೆ ಚೆನ್ನಾಗಿತ್ತು.

ನಾನು ನೀರು ನಿಲ್ಲಿಸಿದೆ. ಹೊಸ ಡ್ರಮ್ಮು, ಹೊಸ ಡ್ರೈವರು, ಅದೇ ಇಳಿಜಾರು. ಡ್ರಮ್ಮು ಕೆಡಲೇ ಇಲ್ಲ. "ನೋಡಿದೆಯಾ?" ಎಂದರು ನಮ್ಮವರು ಊಟಕ್ಕೆ ಕುಳಿತು. "ಅವನ ಕಾಲೇ ಸರಿಯಿರಲಿಲ್ಲ." ನಾನು ಅವರ ಎಲೆಗೆ ಸಾರು ಬಡಿಸಿದೆ. ನಾನು ನೀರು ನಿಲ್ಲಿಸಿದ್ದೇ ಅವನ ಮೇಲಿನ ಕೊನೆಯ ಸಾಕ್ಷಿಯಾಯಿತು — ಎರೆದೂ ಅವನನ್ನು ಕೆಡಿಸಿದೆ, ನಿಲ್ಲಿಸಿಯೂ ಕೆಡಿಸಿದೆ.

ಔರಂಗಾಬಾದಿನಲ್ಲಿ ವೇರುಳ, ಅಜಂತಾದ ಗುಹೆ ನೋಡಲು ಬರುವವರಿಗೆ ಒಂದು ಟ್ಯಾಕ್ಸಿ ಓಡಿಸಬೇಕೆಂಬ ಆಸೆ ವಾಸುವಿಗೆ. ಅಣ್ಣಂದಿರ ಒಪ್ಪಿಗೆ ಕೇಳಿದ. "ಮನೆಯ ಜೀಪಿನ ಬ್ರೇಕು ಸುಟ್ಟವನ ಕೈಗೆ ಊರವರ ಜೀವ ಕೊಡುವುದಾ?" ಎಂದರು ದೊಡ್ಡ ಭಾವ. ಅಲ್ಲಿಗೆ ಮುಗಿಯಿತು. ಅವನು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ, ಕುಳಿತೇ ಮುದುಕನಾದ. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಮನೆತನದಲ್ಲಿ ಅವನ ಹೆಸರು "ಬ್ರೇಕ್ ವಾಸು" ಎಂದೇ ಆಯಿತು. ಮದುವೆ, ಮುಂಜಿ, ಎಲ್ಲಿ ನಾಲ್ಕು ಜನ ಸೇರಿದರೂ ಆ ಕತೆ ಬರಬೇಕು, ಎಲ್ಲರೂ ನಗಬೇಕು, ಅವನೂ ನಗಬೇಕು. ನಾನು ಕೋಸಂಬರಿ ಬಡಿಸುತ್ತಾ ದಾಟಿಹೋಗಬೇಕು.

ಮೊನ್ನೆ ಔರಂಗಾಬಾದಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಛತ್ರದಿಂದ ಮನೆಗೆ ಬರುವಾಗ ವಾಸುವಿನ ಮೊಮ್ಮಗ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ವಾಸು, ಹಿಂದೆ ನಾನು. ಆ ಹುಡುಗನಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. "ಆಜೋಬಾ, ಬ್ರೇಕ್ ಜಾಳ್ಲೇತ್ ನಾ ತುಮ್ಹೀ?" ಎಂದು ಅಜ್ಜನನ್ನು ಕೆಣಕಿದ. ನೀವೇ ಅಲ್ಲವಾ ಬ್ರೇಕು ಸುಟ್ಟವರು! ವಾಸು ನಕ್ಕ. "ಹೌದಪ್ಪ, ನಾನೇ" ಎಂದ — ಎಷ್ಟು ಸಲೀಸಾಗಿ ಎಂದ! ಮುಂದೆ ರಸ್ತೆ ಇಳಿಯಿತು. ಆಗ ನಾನು ನೋಡಿದೆ. ಅವನ ಬಲಗಾಲು ಮುಂದೆ ಸರಿದು ಕಾರಿನ ನೆಲವನ್ನು ಒತ್ತುತ್ತಿತ್ತು. ಅಲ್ಲಿ ಪೆಡಲಿರಲಿಲ್ಲ. ಪೆಡಲು ಮೊಮ್ಮಗನ ಕಾಲಡಿ ಇತ್ತು. ವಾಸು ಅವನಿಗಿಂತ ಒಂದು ಗಳಿಗೆ ಮೊದಲೇ ಒತ್ತಿದ, ಹಗುರಾಗಿ ಒತ್ತಿದ, ಸರಿಯಾದ ಹೊತ್ತಿಗೆ ಬಿಟ್ಟ.

ಆ ಕಾಲಿಗೆ ನಾವೆಲ್ಲ ಏನು ಹೆಸರಿಟ್ಟೆವು —

ಆಗಲೂ ನಾನು ಬಾಯಿ ಬಿಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಚ್ಚಾದ ಮೇಲೆ ಹಿಂದೆ ಸರಿಯಲು ನನಗೆ ಬಾಗಿಲಿರುವುದಿಲ್ಲ. ಮನೆಯ ಮರ್ಯಾದೆ ಎನ್ನುವವರು ಎನ್ನಲಿ. ಇಷ್ಟು ದಿನ ಒಬ್ಬನ ಮರ್ಯಾದೆಯನ್ನು ತಿಂದೇ ಮನೆಯ ಮರ್ಯಾದೆ ಉಳಿದದ್ದು. ದೇವಿಯ ಕ್ಷಮೆಯನ್ನೂ ನಾನು ಕೇಳಿಲ್ಲ. ಅವಳಿಗೆ ನಾನು ಸುಳ್ಳು ಹೇಳಿರಲಿಲ್ಲವಲ್ಲ, ಅವಳು ನೋಡುತ್ತಲೇ ಇದ್ದಳು. ಸುಳ್ಳು ಹೇಳಿದ್ದು ಅಂಗಳದಲ್ಲಿ, ಮನುಷ್ಯರ ಮುಂದೆ. ಹೇಳಬೇಕಾದದ್ದೂ ಅಲ್ಲೇ.

ನವರಾತ್ರಿಗೆ ಅವರೆಲ್ಲ ನಾಶಿಕಕ್ಕೆ ಬರುತ್ತಾರೆ, ಸಪ್ತಶೃಂಗಿ ದೇವಿಯ ದರ್ಶನಕ್ಕೆ. ಕಾರು ಗೇಟಿನ ಹೊರಗೇ ನಿಲ್ಲಲಿ ಎಂದು ಹೇಳಿಟ್ಟಿದ್ದೇನೆ. ಕೊಡ ಎತ್ತುವ ಶಕ್ತಿ ಈಗಿಲ್ಲ, ತಂಬಿಗೆ ಸಾಕು. ಮಕ್ಕಳು ಮೊಮ್ಮಕ್ಕಳೆಲ್ಲ ನಿಂತಿರುವಾಗ ಬ್ರೇಕು ಕೆಡಿಸಿದವಳು ಯಾರೆಂದು ಹೇಳಿ, ವಾಸುವಿನ ಕಾಲಿಗೆ ನೀರೆರೆಯುತ್ತೇನೆ. ಹಿರಿಯಳು ಕಿರಿಯನ ಕಾಲು ತೊಳೆಯುವುದುಂಟೇ ಎಂದು ಯಾರಾದರೂ ಕೇಳಿದರೆ, ಉಂಟು. ನೋಡಿಕೊಳ್ಳಲಿ.

ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಬಹುದು. ಎಳೆದುಕೊಂಡರೆ ಅದು ಅವನ ಹಕ್ಕು. ನಾನು ತಂಬಿಗೆ ಹಿಡಿದು ಅಲ್ಲೇ ನಿಂತಿರುತ್ತೇನೆ. ಕಾಯುವುದು ಈ ಸಲ ನನ್ನ ಸರದಿ.