ಸೂಜಿ ಆಗೇತಿ, ನಾ ಏಳಂಗಿಲ್ಲ

ಹೋಳಿಗೆ ನನ್ನ ಎಲೆಗೆ ಇನ್ನು ಮೂರೇ ಎಲೆ ದೂರವಿತ್ತು. ಆಗ ನನ್ನನ್ನು ಎಬ್ಬಿಸಿದರು.

ಲಕ್ಷ್ಮೇಶ್ವರದಲ್ಲಿ ನನ್ನ ಮೈದುನ ಶಿವಾನಂದನ ಮಗಳ ಕುಬಸ, ಅಂದರೆ ಸೀಮಂತ. ಗದಗಿನಿಂದ ಬೆಳಗಿನ ಬಸ್ಸಿಗೆ ಹೋಗಿದ್ದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಮೊದಲ ಪಂಕ್ತಿಯ ತುದಿಯಲ್ಲಿ ನಾಲ್ಕು ಎಲೆ ಖಾಲಿ ಕಂಡವು, ಕುಳಿತೆ. ಉಪ್ಪು ಬಿತ್ತು, ಶೇಂಗಾ ಚಟ್ನಿ ಬಿತ್ತು. ಅಷ್ಟರಲ್ಲಿ ಶಿವಾನಂದ ಓಡಿ ಬಂದ.

"ವೈನಿ, ಏಳ್ರಿ ಏಳ್ರಿ. ಮುಂಡರಗಿ ಬೀಗರು ಬಂದ್ರು. ಹೆಣ್ಮಕ್ಕಳು ಆಮ್ಯಾಲೆ ಕುಂತ್ರ ಆತು."

ಎದ್ದೆ. (ಇಪ್ಪತ್ತೆಂಟು ವರ್ಷದಿಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿರುವ ಟೀಚರ್ ನಾನು. ಒಂದೇ ಮಾತಿಗೆ ಎದ್ದುಬಿಟ್ಟೆ.)

ಶಿವಾನಂದನಿಗೆ ಗೊತ್ತಿರದ ಸಂಗತಿಯೊಂದಿತ್ತು. ಎರಡು ನಿಮಿಷದ ಹಿಂದಷ್ಟೇ ಸೆರಗಿನ ಮರೆಯಲ್ಲಿ ನಾನು ಇನ್ಸುಲಿನ್ ಚುಚ್ಚಿಕೊಂಡಿದ್ದೆ.

ನನ್ನ ಶುಗರ್ ನಿಮಗೆ ಹೊಸದಲ್ಲ. ಸಕ್ಕರೆ ಇಲ್ಲದ ಚಹಾದ ದುಃಖವನ್ನು ಇದೇ ಅಂಕಣದಲ್ಲಿ ತೋಡಿಕೊಂಡು ನಿಮ್ಮ ತಲೆ ತಿಂದಿದ್ದೇನೆ. ಆದರೆ ಸೂಜಿಯ ವಿಷಯ ನಿಮ್ಮಿಂದಲೂ ಮುಚ್ಚಿಟ್ಟಿದ್ದೆ, ನೆಂಟರಿಂದಲೂ. ಹಳೆಯ ಇನ್ಸುಲಿನ್ ಅದಕ್ಕೆ ಅನುಕೂಲವಾಗಿತ್ತು. ದಿನಕ್ಕೆ ಎರಡು ಸಲ, ಊಟಕ್ಕೆ ಅರ್ಧ ತಾಸು ಮೊದಲು. ಬಚ್ಚಲಮನೆಗೆ ಹೋಗಿ, ಚಿಲಕ ಹಾಕಿ, ಚುಚ್ಚಿಕೊಂಡು, ಮುಖ ತೊಳೆದು ಹೊರಬಂದರೆ ನಾನೂ ಎಲ್ಲರಂತೆಯೇ.

ಎರಡು ತಿಂಗಳ ಹಿಂದೆ ಡಾಕ್ಟರ್ ಅದನ್ನು ಬದಲಾಯಿಸಿದರು. ಈಗ ರಾತ್ರಿಗೊಂದು ನಿಧಾನದ್ದು, ಪ್ರತಿ ಊಟಕ್ಕೊಂದು ಅವಸರದ್ದು. ಈ ಅವಸರದ್ದು ಕಾಯುವ ಜಾತಿಯದಲ್ಲ. ಚುಚ್ಚಿಕೊಂಡ ಕೂಡಲೇ ಉಣ್ಣಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ಸರ್ರನೆ ಇಳಿಯುತ್ತದೆ. "ತಾಟು ಮುಂದ ಬಂದ ಮ್ಯಾಲೇನ ಚುಚ್ಕೋರಿ ಟೀಚರ್" ಎಂದು ಡಾಕ್ಟರ್ ಎರಡೆರಡು ಸಲ ಹೇಳಿದ್ದರು.

ಎಲೆ ಮುಂದೆ ಬಂದಿತ್ತಲ್ಲ? ಎಲೆ ಬಂದರೂ ತುತ್ತು ಬಾಯಿಗೆ ಬರುವ ಖಾತ್ರಿ ಇಲ್ಲ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಪಾಪ, ಗಂಡಸರು. ಅವರನ್ನು ಪಂಕ್ತಿಯಿಂದ ಯಾರು ಎಬ್ಬಿಸಿದ್ದಾರೆ?

ಎದ್ದವಳಿಗೆ ಮೇಲೊಂದು ಕೆಲಸವೂ ಸಿಕ್ಕಿತು. "ಹೆಂಗೂ ನಿಂತೀರಲ್ಲ, ಈ ಬದನಿಕಾಯಿ ಪಲ್ಲೆ ಬಡಸ್ರಿ" ಎಂದು ಯಾರೋ ಪಾತ್ರೆ ಕೈಗಿಟ್ಟರು. ಬಡಿಸಿದೆ. ಒಂದು ಸುತ್ತು ಮುಗಿದು ಎರಡನೆಯದರ ಅರ್ಧಕ್ಕೆ ಬರುವಷ್ಟರಲ್ಲಿ ಹಣೆಯ ಬೆವರು ಕಣ್ಣಿಗಿಳಿಯಿತು. ಕೈ ಗಡಗಡ ನಡುಗಿತು. ಎಣ್ಣೆ ಸುರಿಯುವ ಬದನೆಕಾಯಿಯೊಂದು ಬೀಗರ ಬಿಳಿ ಅಂಗಿಯ ಮೇಲೆ ಹೋಗಿ ಕುಳಿತಿತು.

ನಮ್ಮವರ ಚಿಕ್ಕಮ್ಮ ಗಂಗವ್ವ ಕಾಕು, ಎಪ್ಪತ್ತು ದಾಟಿದವರು, ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದರು. "ಏನಾತವಾ?"

"ಸೂಜಿ ತಗೊಂಡೀನ್ರಿ ಕಾಕು. ಸಕ್ರಿ ಇಳದೈತಿ."

ಹೂರಣಕ್ಕೆ ಹಾಕಿ ಉಳಿದ ಬೆಲ್ಲವನ್ನು ಅವರು ನೀರಲ್ಲಿ ಕಲಸಿ ಕುಡಿಸಿದರು. ಕಾಲು ತಾಸಿನಲ್ಲಿ ಜೀವ ಬಂತು.

ಜೀವದ ಬೆನ್ನಿಗೇ ಉಪದೇಶ ಬಂತು. ಹಳೆಯ ಸೂಜಿ, ಹೊಸ ಸೂಜಿಯ ಕಥೆಯನ್ನೆಲ್ಲ ನಾನು ಹೇಳಿ ಮುಗಿಸಿದ್ದೇ ತಡ. "ಹಳೇ ಸೂಜಿನ ಚೊಲೋ ಇತ್ತಲ್ರಿ ವೈನಿ, ಅದಕ್ಕ ಹೋಗ್ರಿ" ಎಂದ ಶಿವಾನಂದ. "ಫಂಕ್ಷನ್ ಇದ್ದ ದಿನ ಮನ್ಯಾಗ ಉಂಡು ಬರಬೇಕ್ರಿ" ಎಂದಳು ಅವನ ಹೆಂಡತಿ. ಎಲ್ಲರೂ ನನ್ನ ಔಷಧಿಯನ್ನು ತಿದ್ದಿದರು. ಪಂಕ್ತಿಯನ್ನು ತಿದ್ದೋಣ ಎಂದವರು ಒಬ್ಬರೂ ಇಲ್ಲ.

ಬಸ್ಸಿನಲ್ಲಿ ಗದಗ ಮುಟ್ಟುವವರೆಗೂ ಸಿಟ್ಟು ಇಳಿಯಲಿಲ್ಲ. ಅವರಿಗಿಂತ ನನ್ನ ಮೇಲೇ ಹೆಚ್ಚು. "ಚುಚ್ಚಿಕೊಂಡಿದ್ದೇನೆ, ಏಳಲಾರೆ" ಎಂಬ ಒಂದು ಮಾತು ಬಾಯಿಂದ ಹೊರಡಲಿಲ್ಲವಲ್ಲ. ಯಾರದಾದರೂ ಮನೆಗೆ ಕನ್ನ ಹಾಕಿದ್ದೆನೇ, ಇಷ್ಟು ಮುಚ್ಚಿಡಲು? ಈ ಹೊಸ ಇನ್ಸುಲಿನ್ ಬಂದಮೇಲೆ ನನ್ನ ಸಕ್ಕರೆ ಹತೋಟಿಗೆ ಬಂದಿದೆ. ಮಧ್ಯಾಹ್ನದ ಪೀರಿಯಡ್‌ನಲ್ಲಿ ತಲೆ ತಿರುಗಿ ಮೇಜು ಹಿಡಿದು ನಿಲ್ಲುವುದು ತಪ್ಪಿದೆ. ಇದನ್ನು ಯಾರ ಬೀಗರಿಗಾಗಿಯೂ ಬಿಡಲಾರೆ. ನೆಂಟರ ಮನೆಯ ಊಟವನ್ನೂ ಬಿಡಲಾರೆ.

ಕಳೆದ ವಾರ ಶಿರಹಟ್ಟಿಯಲ್ಲಿ ಅದೇ ಬಳಗದ ಗೃಹಪ್ರವೇಶ. ಪಂಕ್ತಿಯ ಉಸ್ತುವಾರಿ ಮತ್ತೆ ಶಿವಾನಂದನದೇ. ನಾನು ಮೊದಲ ಪಂಕ್ತಿಯ ನಟ್ಟನಡುವೆ ಕುಳಿತೆ. (ಈ ಸಲ ತುದಿ ಬೇಡವೆನಿಸಿತು.) ರೊಟ್ಟಿ, ಪಲ್ಲೆ ಎಲೆಗೆ ಬೀಳುವವರೆಗೆ ಕಾಯ್ದೆ. ಆಮೇಲೆ ಇನ್ಸುಲಿನ್ ಪೆನ್ ತೆಗೆದು, ಸೂಜಿ ಹಾಕಿ, ಯೂನಿಟ್ ತಿರುಗಿಸಿ, ಸೆರಗು ಸರಿಸಿ ಹೊಟ್ಟೆಗೆ ಚುಚ್ಚಿಕೊಂಡೆ. ಮರೆಯಿಲ್ಲ, ಗಿರೆಯಿಲ್ಲ. ಎದುರು ಸಾಲಿನ ಹಿರಿಯರೊಬ್ಬರು ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕುಳಿತರು.

ಶಿವಾನಂದ ಬಂದೇ ಬಂದ. "ವೈನಿ, ಒಂದ ಹತ್ತು ನಿಮಿಷ. ಹಿರ್ಯಾರು ನಿಂತಾರ್ರಿ."

"ನಿಂದರ್ಲಿ ಬಿಡು. ಸೂಜಿ ಆಗೇತಿ, ನಾ ಏಳಂಗಿಲ್ಲ."

"ಮಂದಿ ನೋಡಾಕತ್ತಾರ್ರಿ."

"ನಾ ಬಿದ್ದಾಗೂ ನೋಡ್ತಾರ. ಉಣ್ಣೂದನ್ನ ನೋಡ್ಲಿ."

ರೊಟ್ಟಿ ಮುರಿದು ಬಾಯಿಗಿಟ್ಟೆ. ಅಂಜಿಕೆ ಇರಲಿಲ್ಲವೆಂದು ಸುಳ್ಳೇಕೆ ಹೇಳಲಿ? ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಗವ್ವ ಕಾಕು ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕದ ಖಾಲಿ ಎಲೆಗೆ ಕುಳಿತರು. ಆ ಮನೆತನಕ್ಕೆ ಸೊಸೆಯಾಗಿ ಬಂದು ಐವತ್ತು ವರ್ಷವಾಯಿತು, ಮೊದಲ ಪಂಕ್ತಿಯಲ್ಲಿ ಅವರನ್ನು ಕಂಡವರಿಲ್ಲ. ಅವರ ಹಿಂದೆ ಇನ್ನೂ ಮೂವರು ಹೆಂಗಸರು ಬಂದು ಸಾಲಿಗೆ ಕುಳಿತರು.

ಶಿವಾನಂದ ತಲೆ ಕೆರೆದುಕೊಂಡ. "ಕಾಕು, ನಿನಗೂ ಸಕ್ರಿ ಐತೇನು?"

"ಇಲ್ಲಪಾ. ಹಸಿವಿ ಐತಿ, ಬಡಸು."

ನೀವೇ ಹೇಳಿ, ಹಸಿವಿಗೂ ಡಾಕ್ಟರ ಚೀಟಿ ತರಬೇಕೇ?